ಮಡಿಕೆ ಬಿಚ್ಚದ ಸೀರೆ

ಬಟ್ಟೆಯಲ್ಲಿ ಉಟ್ಟವರ ದನಿ ಉಳಿಯುತ್ತದೆ. ಸೆರಗನ್ನು ಕಿವಿಗೊತ್ತಿಕೊಂಡರೆ ಕೇಳುತ್ತದೆ. ಹಾಗಾಗಿ ನಮ್ಮ ಹುಬ್ಬಳ್ಳಿಯಲ್ಲಿ ಯಾರೇ ತೀರಿಕೊಂಡರೂ ಮನೆಯವರು ಅವರದೊಂದು ಬಟ್ಟೆ ಇಟ್ಟುಕೊಳ್ಳುತ್ತಾರೆ.

ಅವ್ವ ಹೋದಾಗ, ಆಕೆ ದಿನಾ ಉಡುತ್ತಿದ್ದ ಕಾಟನ್ ಸೀರೆಗಳನ್ನೆಲ್ಲ ನನ್ನ ತಂಗಿ ಶಾಂತವ್ವ ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಳು.

"ಹರಕು ಸೀರ್ಯಾಗ ಅವ್ವನ್ನ ಇಟ್ಕೊಂಡ್ರ ಮಂದಿ ಏನಂತಾರ? ಟ್ರಂಕಿನ್ಯಾಗ ಇಳಕಲ್ ರೇಷ್ಮಿ ಐತೆಲ್ಲ!"

ಛಲೋ ದಿನಕ್ಕೆ ಬೇಕೆಂದು ಅವ್ವ ಡಾಂಬರ್ ಗುಳಿಗೆ ಹಾಕಿ ಕಾದಿಟ್ಟ ಸೀರೆ ಅದು. ಒಮ್ಮೆಯಾದರೂ ಉಟ್ಟಿದ್ದಾಳೆಂದೇ ನಂಬಿದ್ದೆವು.

ಇವತ್ತು ಮಡಿಕೆ ಬಿಚ್ಚಿ ಇಬ್ಬರೂ ಕಿವಿಗೊತ್ತಿಕೊಂಡೆವು. ಅವ್ವನದೊಂದು ಕೆಮ್ಮೂ ಇರಲಿಲ್ಲ. ಮಾರುವಾಗ ಅದನ್ನು ತನ್ನ ಹೆಗಲಿಗೆ ಹಾಕಿ ತೋರಿಸಿದ್ದ ಅಂಗಡಿಯವನೊಬ್ಬನೇ ಸೆರಗಿನೊಳಗಿಂದ ಮಾತಾಡಿದ:

"ದಿನಾ ಉಡ್ರಿ ಅಕ್ಕಾರ, ಏನೂ ಆಗಂಗಿಲ್ಲ."