ಬಿಲ್ಲುಗಾರ್ತಿಯ ಕಿರುಬೆರಳು

“ನಕಲಿ! ಬೆರಳು ನೋಡಿದ್ರೇನೇ ಗೊತ್ತಾಗುತ್ತೆ!” ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಮಸೂರ ಒತ್ತಿಕೊಂಡು ಗಂಡ ಕೂಗಿದಾಗ, ಒಗೆದ ಬಟ್ಟೆ ಮಡಚುತ್ತಿದ್ದ ಅವಳ ಕೈ ಹಾಗೇ ನಿಂತಿತು. ಊಟದ ಮೇಜಿನ ಮೇಲೆ, ಕಪಾಟಿನಿಂದ ಇಳಿಸಿದ ಗೇಣುದ್ದದ ಬಿಲ್ಲುಗಾರ್ತಿ ಗೊಂಬೆ ನಿಂತಿತ್ತು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಅಂಥದೇ ಇನ್ನೊಂದರ ಫೋಟೋ, ಮಾರಾಟಕ್ಕಿಟ್ಟದ್ದು.

ಗೊಂಬೆ ಕೂಡಿಡುವವರ ಆನ್‌ಲೈನ್ ಗುಂಪಿನಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಯಾರು ಏನು ಕೊಳ್ಳಬೇಕಾದರೂ ಮೊದಲು “ಅಣ್ಣಾ, ಇದು ಅಸಲಿಯಾ?” ಎಂದು ಅವನಿಗೆ ಫೋಟೋ ಕಳಿಸುವರು. ಅವನು ಅಚ್ಚು ಕೂಡಿದ ಗೆರೆ ನೋಡುವನು, ಬಣ್ಣ ಅಂಚು ದಾಟಿದೆಯೇ ನೋಡುವನು, ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದೆಯೇ, ಫೋಟೋ ಮಾರುವವರೇ ತೆಗೆದದ್ದೋ ಬೇರೆಲ್ಲಿಂದಲೋ ಎತ್ತಿದ್ದೋ ಎಂದೆಲ್ಲ ನೋಡುವನು. ಒಮ್ಮೆ ಅವನ ಬಾಯಲ್ಲಿ ‘ನಕಲಿ’ ಎಂದು ಬಂತೋ, ಆಮೇಲೆ ಆ ಮಾರುವವರ ಕಡೆ ಯಾರೂ ತಲೆ ಹಾಕಿಯೂ ಮಲಗರು.

ಇವತ್ತಿನ ಮಾರುವಾಕೆ ಒಬ್ಬ ನಿವೃತ್ತ ಲೈಬ್ರರಿಯನ್. ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಅವರ ದನಿ ಬಂತು.

“ನೋಡಿ ಸಾರ್, ಅದು ನಮ್ಮ ತಮ್ಮಂದು. ಕಂಪನಿ ಅಂಗಡೀಲಿ ಅವನು ತಗೊಳ್ಳೋವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೂವತ್ತು ವರ್ಷ ಲೈಬ್ರರಿ ಕಾಯ್ದೋಳು ನಾನು, ಒಂದು ಹಾಳೆ ಹರಿಯೋಕೆ ಬಿಟ್ಟಿಲ್ಲ. ಈ ವಯಸ್ಸಲ್ಲಿ ಮೋಸಗಾತಿ ಅನ್ನಿಸ್ಕೋಬೇಕಾ?”

“ಮೇಡಂ, ನಿಮ್ಮ ಮೇಲೆ ನನಗೇನು ಹಗೆ? ನನ್ನ ಹತ್ರ ಅಸಲಿ ಇದೆಯಲ್ಲ! ಇದರ ಕಿರುಬೆರಳಲ್ಲಿ ಗೆಣ್ಣಿನ ಗೆರೆ ಇದೆ, ಸಾಸಿವೆಯಷ್ಟು ಉಗುರಿದೆ. ನಿಮ್ಮದು ಬೆಂಕಿಕಡ್ಡಿ ಸಿಗಿಸಿದ ಹಾಗಿದೆ. ಗುಂಪಲ್ಲಿ ಹಾಕ್ಲೇಬೇಕು ನಾನು.” ಅವನು ಫೋನಿಟ್ಟ.

ಆ ಗೆಣ್ಣಿನ ಗೆರೆ ಹೆಂಡತಿಯ ಕೈಕೆಲಸ. ಸಾಸಿವೆಯಷ್ಟು ಉಗುರೂ ಅವಳದೇ. ಹೋದ ವರ್ಷ ಗಂಡ ಪರ ಊರಿಗೆ ಹೋಗಿದ್ದಾಗ, ಧೂಳು ಒರೆಸುವ ಭರದಲ್ಲಿ ಬಿಲ್ಲುಗಾರ್ತಿ ಕೈಜಾರಿ ಬಿದ್ದು, ಅದರ ಎಡಗೈ ಮಣಿಕಟ್ಟಿನಿಂದಾಚೆ ಪುಡಿಪುಡಿಯಾಗಿತ್ತು. ಅವಳೋ ಇಪ್ಪತ್ತೆರಡು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಹಲ್ಲುಸೆಟ್ಟು ಮಾಡುವವಳು. ಮರುದಿನವೇ ಹಲ್ಲಿನ ಸಾಮಗ್ರಿಯಲ್ಲೇ ಒಂದು ಕೈ ಮಾಡಿ ಕೂರಿಸಿದಳು. ತೀರಾ ಚೆಂದವಾದರೆ ಸುಳ್ಳು ಹಲ್ಲೆಂದು ಗೊತ್ತಾಗುತ್ತದೆ, ಎಲ್ಲೋ ಒಂದು ಗೆರೆ, ಒಂದು ಓರೆ ಇರಬೇಕು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ರೂಢಿಬಿದ್ದ ಕೈ ಗೊಂಬೆಗೂ ಅದನ್ನೇ ಮಾಡಿತ್ತು. ಊರಿಂದ ಬಂದ ಗಂಡ ಕಪಾಟಿನ ಮುಂದೆ ಹಾದು ಹೋದ, ಅಷ್ಟೆ. ಅವನ ಮಸೂರವೆಲ್ಲ ಊರವರ ಗೊಂಬೆಗೆ. ಮನೆಯದನ್ನು ಅವನು ಹತ್ತಿರದಿಂದ ನೋಡಿದ್ದು ಇವತ್ತೇ.

“ಬಾ ಇಲ್ಲಿ, ನೋಡು ಈ ಬೆರಳು,” ಎಂದ ಗಂಡ. “ಮಾಡಿದೋನು ಉಸಿರು ಬಿಗಿ ಹಿಡ್ಕೊಂಡು ಕೂತಿರ್ಬೇಕು. ಇದು ಕಣೇ ಕೆಲಸ ಅಂದ್ರೆ!”

ಅವಳ ಕಿವಿ ಬೆಚ್ಚಗಾಯಿತು. ಹಲ್ಲು ಮಾಡುವವರನ್ನು ಯಾರೂ ಹೊಗಳುವುದಿಲ್ಲ. ಯಾರ ಕಣ್ಣಿಗೂ ಬೀಳದಿದ್ದರೆ ಅದೇ ದೊಡ್ಡ ಹೊಗಳಿಕೆ. ಇನ್ನೊಂದು ಹತ್ತು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳೋಣ ಎನ್ನಿಸಿತು. ಆದರೆ ಅವನು ಆಗಲೇ ಟೈಪು ಮಾಡುತ್ತಿದ್ದ: ‘ಎಚ್ಚರಿಕೆ! ಈ ಹೆಂಗಸಿನಿಂದ ಯಾರೂ...’

“ರೀ, ತಡೀರಿ. ಆ ಕೈ ನಾನು ಮಾಡಿದ್ದು.”

“ಯಾವ ಕೈ?”

“ನಿಮ್ಮ ಮುಂದೆ ಇದೆಯಲ್ಲ, ಅದೇ. ಆ ಅಮ್ಮನ ಗೊಂಬೆ ಅಸಲಿ. ಕಂಪನಿಯೋರು ಮಾಡೋದೇ ಬೆಂಕಿಕಡ್ಡಿ ಬೆರಳು. ನಂಬಿಕೆ ಇಲ್ದಿದ್ರೆ ಮಣಿಕಟ್ಟಿನ ಪಟ್ಟಿ ಕೆಳಗೆ ಉಗುರಾಡಿಸಿ, ಬೆಸೆದ ಜಾಗ ಸಿಗುತ್ತೆ.”

ಅವನು ಉಗುರಾಡಿಸಿದ. ಸಿಕ್ಕಿತು. ಮುಖ ಇಂಗು ತಿಂದ ಮಂಗನಂತಾಯಿತು. “ಮುರಿದಾಗಲೇ ಹೇಳ್ಬಾರದಿತ್ತಾ?”

“ಹೇಳಿದ್ರೆ ಒಂದು ತಿಂಗಳು ಮುಖ ಊದಿಸ್ಕೊಂಡು ಓಡಾಡ್ತಿದ್ರಿ. ಅದಕ್ಕಿಂತ ಕೈ ಮಾಡೋದೇ ಸುಲಭ ಅನ್ನಿಸ್ತು.”

ಅವನು ಬರೆದದ್ದನ್ನೆಲ್ಲ ಅಳಿಸಿ, ಮತ್ತೆ ಫೋನು ಹಚ್ಚಿ, “ತಪ್ಪಾಯ್ತು ಮೇಡಂ, ನಿಮ್ಮದು ಅಪ್ಪಟ ಅಸಲಿ. ಗುಂಪಲ್ಲೂ ಹಾಗೇ ಬರೀತೀನಿ,” ಎಂದ.

“ಸಂತೋಷ ಸಾರ್. ಆದ್ರೆ ನಿಮ್ಮ ಗೊಂಬೆಗೆ ಉಗುರು ಹೇಗೆ ಬಂತು?”

ಅವನು ಹೆಂಡತಿಯ ಕಡೆ ನೋಡಿದ. ಅವಳು ನಗು ತಡೆಯಲಾರದೆ ದಿಂಬಿನ ಚೀಲದಲ್ಲಿ ಮುಖ ಮುಚ್ಚಿಕೊಂಡಿದ್ದಳು. “ಅದು... ಬೆಳೀತು ಮೇಡಂ,” ಎಂದು ಫೋನಿಟ್ಟುಬಿಟ್ಟ.

ಆಮೇಲೆ ನಿಧಾನವಾಗಿ ಅವನ ಕಣ್ಣು ಕಪಾಟಿನ ಕಡೆ ತಿರುಗಿತು. ಅಲ್ಲಿ ಇನ್ನೂ ಮೂವತ್ತೊಂಬತ್ತು ಗೊಂಬೆಗಳಿದ್ದವು.

“ಇದೊಂದೇನಾ? ಇನ್ನೂ ಯಾವುದರಲ್ಲಾದ್ರೂ ನಿನ್ನ ಕೈವಾಡ ಇದೆಯಾ?”

ಉಳಿದ ಯಾವುದಕ್ಕೂ ಅವಳು ಧೂಳು ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದವಳು, ಯಾಕೋ ಮಾತು ಬದಲಿಸಿದಳು.

“ಪರೀಕ್ಷೆ ಮಾಡೋರು ನೀವು. ನೀವೇ ಕಂಡುಹಿಡೀರಿ.”

ಅವನು ಒಂದೊಂದನ್ನೇ ಇಳಿಸತೊಡಗಿದ. ಮಸೂರ ಹಿಡಿದು, ದೀಪದ ಕೆಳಗೆ ತಿರುವಿ ತಿರುವಿ, ಪ್ರತಿಯೊಂದರ ಕಣ್ಣು, ಮೂಗು, ಬೆರಳುಗಳನ್ನು ನೋಡಿದ. ಅವಳ ಬಟ್ಟೆ ಮಡಚುವುದು ಮುಗಿಯುತ್ತಾ ಬಂದಾಗ, “ಸಿಕ್ತು!” ಎಂದು ಕುದುರೆಯೊಂದನ್ನು ಎತ್ತಿ ಹಿಡಿದು ಬಂದ.

“ಈ ಜೂಲು! ಒಂದೊಂದು ಎಳೆ ಬಿಡಿಸಿ ಬಿಡಿಸಿ ಮಾಡಿದ್ದೀಯಲ್ಲೇ! ಯಾವ ಕಂಪನಿಗೆ ಬರುತ್ತೆ ಇಂಥ ಕೆಲಸ? ಎಷ್ಟು ದಿನ ಕೂತಿದ್ದೆ ಇದಕ್ಕೆ?” ಅವನ ಕಣ್ಣಲ್ಲಿ ಮದುವೆಯಾದ ಹೊಸದರಲ್ಲೂ ಕಾಣದಿದ್ದ ಬೆರಗಿತ್ತು.

ಕುದುರೆ ಡಬ್ಬಿಯಿಂದ ತೆಗೆದ ಹಾಗೇ ಇತ್ತು, ಅಪ್ಪಟ ಅಸಲಿ.

ಅವಳು ಕೊನೆಯ ಟವೆಲನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಳು.

“ಅಯ್ಯೋ, ಗೊತ್ತಾಗಿಬಿಡ್ತಾ?” ಎಂದಳು.