ಬಾಟಲಿಯ ಮೇಲಿನ ಹೆಸರು

ಅಂದು ಬಸ್ ಚಾಲಕರ ವೈದ್ಯಕೀಯ ತಪಾಸಣೆ. ಅದರಲ್ಲಿ ಫೇಲಾದವರಿಗೆ ಸ್ಟೇರಿಂಗ್ ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದ ಜವರಪ್ಪ ಅಳುಕುತ್ತಲೇ ಡಾಕ್ಟರ ಮುಂದೆ ಕುಳಿತಿದ್ದ. ಧೈರ್ಯಕ್ಕೆಂದು ಜೊತೆಗೆ ಬಂದಿದ್ದ ಹೆಂಡತಿ ಸಾಕಮ್ಮ ಹೊರಗೆ ಬೆಂಚಿನ ಮೇಲಿದ್ದಳು. ಗಟ್ಟಿ ಜೀವ, ತನಗಾಗಿ ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ.

ಡಾಕ್ಟರು ಮೂತ್ರದ ವರದಿಯನ್ನು ಎರಡು ಸಲ ಓದಿದರು.

"ಪ್ರೋಟೀನ್ ವಿಪರೀತ ಸೋರ್ತಿದೆಯಲ್ಲಯ್ಯ. ಸಕ್ಕರೆನೂ ಇದೆ. ಮಾತ್ರೆ ನುಂಗ್ತಿಲ್ವಾ?"

"ಒಂದಿನಾನೂ ತಪ್ಸಿಲ್ಲ ಸಾರ್. ಉಪ್ಪಿನಕಾಯಿ ಮುಟ್ಟಿದ್ರೆ ನಮ್ಮನೆಯವಳು ಕೈಗೆ ಹೊಡೀತಾಳೆ."

"ಮತ್ತೆ ಇದೇನು? ಸಕ್ಕರೆ ಕಿಡ್ನಿಯ ಜರಡಿ ಹಾಳು ಮಾಡುತ್ತೆ, ಬಿ.ಪಿ. ಅದರ ಮೇಲೆ ಒತ್ತಡ ಹಾಕುತ್ತೆ. ಎರಡೂ ಸೇರಿದ್ರೆ ಹೀಗೇ ಆಗೋದು. ಪಾದ ಊದುತ್ತಾ?"

ಜವರಪ್ಪ ತನ್ನ ಪಾದ ನೋಡಿಕೊಳ್ಳಲಿಲ್ಲ. ಅರೆತೆರೆದ ಬಾಗಿಲಾಚೆ ಸಾಕಮ್ಮ ಬಿಗಿಯಾದ ಚಪ್ಪಲಿ ಕಳಚಿ, ಊದಿದ ಪಾದ ತಿಕ್ಕಿಕೊಳ್ಳುತ್ತಿದ್ದಳು.

"ಹಿಂಗೇ ಬಿಟ್ರೆ ಏನಾಯ್ತದೆ ಸಾರ್?"

"ಡಯಾಲಿಸಿಸ್‌ವರೆಗೂ ಹೋಗಬಹುದು. ಆದ್ರೆ ನಿನ್ನ ರಕ್ತದ ವರದಿ ಚೆನ್ನಾಗಿದೆ, ಬಿ.ಪಿ.ನೂ ಹಿಡಿತದಲ್ಲಿದೆ. ಅದಕ್ಕೂ ಇದಕ್ಕೂ ತಾಳೆಯಾಗ್ತಿಲ್ಲ." ಡಾಕ್ಟರು ಕನ್ನಡಕ ತೆಗೆದರು. "ಮೂತ್ರದ ಬಾಟಲಿ ಬದಲಾಯಿಸಿದವರನ್ನ ಕೆಲಸದಿಂದಲೇ ತೆಗೀತಾರೆ, ಗೊತ್ತಲ್ಲ? ಲ್ಯಾಬಿನವರೇ ಅದಲುಬದಲು ಮಾಡಿರಬಹುದು. ಹಾಗಂತ ಬರೆದು, ಇದನ್ನ ಹರಿದುಹಾಕಲಾ?"

ಜವರಪ್ಪ ಎದ್ದು ನಿಂತು ಬಾಗಿಲನ್ನು ಪೂರ್ತಿ ತೆರೆದ.

"ಹರೀಬೇಡಿ ಸಾರ್. ಬಾಟ್ಲಿ ಮೇಲಿರೋ ಹೆಸ್ರು ಮಾತ್ರ ನಂದು. ಮೊದ್ಲು ಇವಳನ್ನ ನೋಡಿ."