ಹಗೇವಿನೊಳಗೆ ಎಂಟು ವರ್ಷ

"ಭೂಮಿ ಸೂರ್ಯನ್ನ ಬಿಟ್ಟು ದೂರ ಹೋತಂದ್ರ ಒಂದು ಹುಳಾನೂ ಉಳಿಯಂಗಿಲ್ಲ!" ಸಂತೆಕಲ್ಲೂರಿನ ಬೇವಿನ ಕಟ್ಟೆಯ ಮೇಲೆ ತಿದಿ ಇಳಿಸುತ್ತ ಕಲಾಯಿ ಲಾಲ್‌ಸಾಬ್ ಸಾರಿದ. "ಲಿಂಗಸುಗೂರಾಗ ಮಾಸ್ತರ ಮನಿ ಹಂಡೆಗೆ ಕಲಾಯಿ ಹಾಕುವಾಗ ಅವರೇ ಹೇಳಿದ್ರು. ಬಾವ್ಯಾಗಿನ ನೀರು ಕಲ್ಲಾಗತೈತಂತ. ಗಾಳಿನೂ ಗಡ್ಡಿ ಕಟ್ಟತೈತಂತ."

ನಿಜಾಮನ ರಾಜ್ಯ ಹೋಗಿ ಅದು ನಾಲ್ಕನೇ ಬೇಸಿಗೆ. ರಾಜ್ಯ ಹೋಗಿತ್ತು, ಬಿಸಿಲು ಹೋಗಿರಲಿಲ್ಲ. ಹಸಿ ರೊಟ್ಟಿಯನ್ನು ಗೋಡೆಗೆ ಬಡಿದರೆ ಉಬ್ಬಿ, ಬೆಂದು, ತಾನೇ ಕೆಳಗೆ ಬೀಳುತ್ತಿತ್ತು. ಮಸ್ಕಿ ಗುಡ್ಡ ನೆರಳು ಹುಡುಕಿಕೊಂಡು ಎರಡು ಫರ್ಲಾಂಗು ಸರಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಹಾಗಾಗಿ ಭೂಮಿ ಒಂದಿಷ್ಟು ಆಚೆ ಸರಿದರೆ ಕಟ್ಟೆಯ ಮಂದಿಗೆ ತಕರಾರೇನೂ ಇರಲಿಲ್ಲ.

ದೊಡ್ಡಬಸಪ್ಪ ಮಾತ್ರ ಮೀಸೆಗೆ ಕೈ ಹಾಕಿದ. ಮುಕ್ಕುಂದದಲ್ಲಿ ಮೊಸಳೆಯ ಬೆನ್ನೇರಿ ತುಂಗಭದ್ರೆ ದಾಟಿದ ರೈತ ಅವನು. ಕಂಡವರು ಒಬ್ಬರೂ ಇಲ್ಲ. ಕೇಳದವರು ಮೂರು ತಾಲೂಕಿನಲ್ಲಿ ಒಬ್ಬರೂ ಇಲ್ಲ.

"ಲೇ ಲಾಲ್ಯಾ, ನೀವೆಲ್ಲ ಸಾಯ್ರಿ, ನಾ ಉಳೀತೀನಿ. ನನ್ನ ಜೋಳದ ಹಗೇವು ಐತಲ್ಲ, ಮೂರಾಳು ಆಳ. ಎಂಥ ಚಳ್ಯಾಗೂ ನೆಲದೊಳಗ ಬೆಚ್ಚಗಿರತೈತಿ. ಮ್ಯಾಲೆ ಸೂರ್ಯ ಇದ್ದರೇನು, ಬಿಟ್ಟರೇನು? ಎಂಟು ವರ್ಷ ಹೊರಗ ಬರಂಗಿಲ್ಲ."

"ಎಂಟು ವರ್ಷ ಬ್ಯಾಡೋ ಬಸ್ಯಾ. ನಾಳೆ ಹೊತ್ತು ಮೂಡಿದಾಗ ಇಳಿ, ಮುಣುಗೂತನ ಇರು. ಗೆದ್ದರ ನಾ ಸಾಯೂತನ ನಿಮ್ಮ ಮನಿ ಹಂಡೆ-ಕೊಡಕ್ಕೆಲ್ಲ ಪುಕ್ಕಟೆ ಕಲಾಯಿ. ಸೋತರ ಮುಂದಿನ ಯುಗಾದಿತನ ನೀ ಬಾಯಿ ತೆಗೀಬಾರದು. ಆತೇನು ಶರ್ತು?"

ಕಟ್ಟೆಯ ಮಂದಿಯೆಲ್ಲ ಹತ್ತಿರ ಸರಿದರು. ದೊಡ್ಡಬಸಪ್ಪನ ಬಾಯಿಗೆ ಯುಗಾದಿಯವರೆಗೆ ಬೀಗ! ಅದಕ್ಕಿಂತ ಎತ್ತು ಪಣಕ್ಕಿಡು ಅಂದಿದ್ದರೆ ಸುಲಭವಿತ್ತು. ಆದರೂ "ಆತು" ಅಂದ.

ಅವನ ಹೆಂಡತಿ ಕಲ್ಯಾಣಮ್ಮ ಸುದ್ದಿ ಕೇಳಿ ಇಪ್ಪತ್ತು ರೊಟ್ಟಿ ಕಟ್ಟಿದಳು. ಗೆದ್ದರೆ ಹಂಡೆ ಹೊಳೆಯುತ್ತದೆ, ಸೋತರೆ ಮನೆ ತಣ್ಣಗಿರುತ್ತದೆ. ಮದುವೆಯಾದಂದಿನಿಂದ ಇಂಥ ಒಳ್ಳೆಯ ದಿನ ಅವಳಿಗೆ ಬಂದಿರಲಿಲ್ಲ. ಜೋಳ ತೆಗೆದು ಬರಿದಾಗಿದ್ದ ಹಗೇವಿನ ಬಾಯಿ ಎರಡು ದಿನದಿಂದ ತೆರೆದೇ ಇತ್ತು. ಕೆಟ್ಟ ಗಾಳಿ ಉಳಿದಿದೆಯೇನೋ ಎಂದು ಹಗ್ಗ ಕಟ್ಟಿ ದೀಪ ಇಳಿಸಿದರು. ಅದು ಆರಲಿಲ್ಲ. ಹೊತ್ತು ಮೂಡುತ್ತಲೇ ದೊಡ್ಡಬಸಪ್ಪ ನಿಚ್ಚಣಿಕೆ ಹಿಡಿದು ಇಳಿದ. ಸೂರ್ಯ ಕಾಣದಂತೆ ಮೇಲೊಂದು ಕಂಬಳಿ ಹಾಸಿದರು.

ಮಧ್ಯಾಹ್ನವಾಯಿತು. ಒಳಗಿನಿಂದ ಗೊರಕೆ ಬಿಟ್ಟರೆ ಬೇರೆ ಸದ್ದಿಲ್ಲ. ಮೇಲೆ ಕಾಯುತ್ತಿದ್ದವರು ಬಿಸಿಲಿಗೆ ಹಪ್ಪಳವಾದರು. ಹೊತ್ತು ಮುಳುಗಲು ಇನ್ನೆರಡಾಳು ಎತ್ತರವಿದೆ ಎನ್ನುವಾಗ, ತನ್ನ ಜನ್ಮದ ಕಲಾಯಿ ತವರವೆಲ್ಲ ಕಲ್ಯಾಣಮ್ಮನ ಹಂಡೆಯೊಳಗೆ ಕರಗಿಹೋಗುವುದು ಲಾಲ್‌ಸಾಬನ ಕಣ್ಣಿಗೆ ಕಟ್ಟಿತು. ಅವನು ಎದ್ದು ಹೋಗಿ ಹಗೇವಿನ ಬಾಯಿಯ ಪಕ್ಕದಲ್ಲೇ ಕುಕ್ಕರಿಸಿದ.

"ಮುಕ್ಕುಂದದ ಮೊಸಳಿ ಕಥಿ ಖರೇ ಏನಂತ ನಿಮಗ್ಯಾರಿಗರೆ ಗೊತ್ತೈತೇನು?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. "ಅದು ಮೊಸಳಿ ಅಲ್ಲ, ಉಡ."

ಗೊರಕೆ ನಿಂತಿತು.

"ಉಡಾನೂ ಸತ್ತದ್ದು."

ಒಳಗೆ ನಿಚ್ಚಣಿಕೆ ಕಿರುಗುಟ್ಟಿತು.

"ಸತ್ತ ಉಡ ನೋಡಿ ಇವ ಕಲ್ಯಾಣಮ್ಮಕ್ಕನ ಸೆರಗಿನ ಹಿಂದ ಅಡಗಿದ್ದ!"

ಕಂಬಳಿ ಆಕಾಶಕ್ಕೆ ಹಾರಿತು. ಅದರ ಹಿಂದೆಯೇ ತಲೆ ತುಂಬ ಜೋಳದ ಧೂಳು ಹೊತ್ತ ದೊಡ್ಡಬಸಪ್ಪ. "ಮೊಸಳೀ! ಹದಿನೆಂಟು ಮೊಳದ ಜೀವಂತ ಮೊಸಳಿ!" ಎಂದು ನಿಚ್ಚಣಿಕೆಯ ಮೇಲೇ ನಿಂತು, ಮೊದಲಿಂದ ಕಡೆಯವರೆಗೆ, ಒಂದು ಅಲೆಯನ್ನೂ ಬಿಡದೆ ಕಥೆ ಹೇಳಿದ. ಮೊಸಳೆ ಆಚೆ ದಂಡೆ ಮುಟ್ಟಿದ ಮೇಲೆಯೇ ಅವನಿಗೆ ಸೂರ್ಯ ಕಂಡದ್ದು. ಸೂರ್ಯ ಎಲ್ಲೂ ಹೋಗಿರಲಿಲ್ಲ, ಮುಳುಗಿಯೂ ಇರಲಿಲ್ಲ, ನೇರ ಅವನ ಮೂಗಿನೆದುರಿಗೇ ಇದ್ದ.

"ಎಂಟು ವರ್ಷ ಇಷ್ಟು ಜಲ್ದಿ ಮುಗದ್ವೇನ್ರೀ?" ಎಂದು ಕೇಳಿದ ಕಲ್ಯಾಣಮ್ಮ ಉಳಿದ ರೊಟ್ಟಿ ಎಣಿಸಲು ಕೂತಳು.

ಮರುದಿನ ದೊಡ್ಡಬಸಪ್ಪ ಕಟ್ಟೆಗೆ ಬಂದು ತುಟಿ ಹೊಲಿದವನಂತೆ ಕುಳಿತ. ಲಾಲ್‌ಸಾಬ್ ಬಿಟ್ಟಾನೇ? "ಬಸ್ಯಾ, ಉಡ ಎಷ್ಟಿತ್ತೋ? ಗೇಣುದ್ದ ಇತ್ತೇನು?"

ದೊಡ್ಡಬಸಪ್ಪ ಎದ್ದ. ಎರಡೂ ತೋಳು ಅಗಲಿಸಿ ನೋಡಿಕೊಂಡ, ಸಾಲಲಿಲ್ಲ. ಕಟ್ಟೆಯ ಮೇಲಿದ್ದ ಹುಸೇನಪ್ಪನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿ ಅವನ ತೋಳೂ ಬಿಡಿಸಿದ. ಆಮೇಲೆ ಕರಿಬಸಯ್ಯನನ್ನು. ಬೆರಳಿಗೆ ಬೆರಳು ತಾಗಿಸಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತ ಹೋದ. ಮೊಸಳೆ ರಾತ್ರಿಯೆಲ್ಲ ಬೆಳೆದಿತ್ತು. ಸಾಲು ಕಟ್ಟೆ ದಾಟಿತು, ಹಗೇವು ದಾಟಿತು, ಮಸ್ಕಿ ರಸ್ತೆಗೆ ಅಡ್ಡವಾಯಿತು. ಕಟ್ಟೆಯಲ್ಲಿ ಬೇರಾರೂ ಉಳಿಯದಾಗ ಕೊನೆಗೆ ಲಾಲ್‌ಸಾಬನನ್ನೂ ಎಳೆದು ರಸ್ತೆಯ ನಡುವೆ ನಿಲ್ಲಿಸಿದ.

ಅಷ್ಟರಲ್ಲಿ ಮಸ್ಕಿಯ ಬಸ್ಸು ಬಂದು ನಿಂತಿತು. ಡ್ರೈವರು ತಲೆ ಹೊರಹಾಕಿ, "ಏನ್ರೀ ಇದು, ಸತ್ಯಾಗ್ರಹ ಏನು?" ಎಂದು ಗದರಿದ.

"ಮೊಸಳೀರೀ, ಡ್ರೈವರ್ ಸಾಬ್," ಎಂದ ಲಾಲ್‌ಸಾಬ್, ಚಾಚಿದ ತೋಳು ಇಳಿಸದೆ. "ಬಾಲ ಇನ್ನೂ ಉಳದೈತಿ. ಬಸ್ಸಿನಾಗಿನವರೆಲ್ಲ ಇಳೀರಿ."